ಎರಡು ಪದರ ರಬ್ಬರ್ ಶೀಟು

ಜೂನ್ 4

ತಂಗೀ,

ನಿನ್ನ ಪತ್ರ ಓದಿ ಹತ್ತಿ ಹಿಂಜುವ ಯಂತ್ರ ನಿಲ್ಲಿಸಿ ಕೂತುಬಿಟ್ಟೆ. ಯಂತ್ರ ನಿಂತದ್ದು ನನಗೆ ಕೇಳಿಸುವುದಿಲ್ಲ, ಗಾಳಿಯಲ್ಲಿ ಹಾರುವ ಹತ್ತಿ ಕೆಳಗಿಳಿದಾಗ ಗೊತ್ತಾಗುತ್ತದೆ. ಇಷ್ಟು ವರ್ಷ ಅದರ ಪಕ್ಕ ನಿಂತು ನನ್ನ ಎರಡೂ ಕಿವಿಯನ್ನು ಅದಕ್ಕೇ ಕೊಟ್ಟಾಯಿತು. ಹಾಗಾಗಿ ಫೋನು ಮಾಡಲಾ ಎಂದು ಮತ್ತೆ ಮತ್ತೆ ಕೇಳಬೇಡ. ಮೆಸೇಜೂ ಬೇಡ. ಗಾಜಿನ ಮೇಲೆ ಬೆರಳು ಉಜ್ಜಿ ಬರೆದದ್ದೆಲ್ಲ ಒಂದೇ ತರಹ ಕಾಣುತ್ತದೆ. ಕಾಗದದಲ್ಲಿ ನಿನ್ನ ಅಕ್ಷರ ನೋಡಿದರೆ ನೀನು ಊಟ ಮಾಡಿದ್ದೀಯೋ ಇಲ್ಲವೋ ಅನ್ನುವುದೂ ನನಗೆ ತಿಳಿಯುತ್ತದೆ. ಈ ಸಲದ ಅಕ್ಷರ ಉಪವಾಸ ಬಿದ್ದಿದೆ.

ನಮ್ಮ ಮೆಣಸಿಗೆ ರಕ್ತದ ಕ್ಯಾನ್ಸರ್ ಅನ್ನುವುದನ್ನು ನನ್ನ ತಲೆ ಇನ್ನೂ ಒಪ್ಪಿಲ್ಲ. ಐದು ವರ್ಷ ತುಂಬದ ಮಗು, ಹೋದ ಸಲ ಬಂದಾಗ ನನ್ನ ಹಾಸಿಗೆಗಳ ರಾಶಿಯ ಮೇಲಿಂದ ಧುಮುಕಿ ಗಿರಾಕಿಯ ಮೈಮೇಲೆ ಬಿದ್ದವಳು. ಖಾರ ಜಾಸ್ತಿ ಎಂದು ನಾವೇ ಇಟ್ಟ ಹೆಸರು. ಆ ಖಾರವೇ ಅವಳನ್ನು ಉಳಿಸುತ್ತದೆ, ನೋಡುತ್ತಿರು.

ನೀನು ಬರೆದ ಆ ಕೊಳವೆಯ ವಿಷಯವನ್ನು ಮತ್ತೆ ಮತ್ತೆ ಓದಿದೆ. ಕುತ್ತಿಗೆಯ ಹತ್ತಿರ ದೊಡ್ಡ ರಕ್ತನಾಳಕ್ಕೆ ಹಾಕಿ, ಎದೆಯ ಮೇಲೆ ಎರಡು ಬಾಲ ಹೊರಗೆ ಬಿಟ್ಟಿದ್ದಾರೆ, ಔಷಧಿ ಹೋಗುವುದೂ ಅದರಲ್ಲೇ, ರಕ್ತ ತೆಗೆಯುವುದೂ ಅದರಲ್ಲೇ, ಅದಕ್ಕೆ ಲೈನು ಅನ್ನುತ್ತಾರೆ, ಅಲ್ಲವಾ? ಬಾಲದ ಕ್ಲಿಪ್ಪು ಮೈಗೆ ಚುಚ್ಚುತ್ತದೆ, ಮಗು ಕಿತ್ತುಹಾಕಲು ನೋಡುತ್ತದೆ, ಅಂಟುಪಟ್ಟಿ ಹಾಕಿದರೆ ಚರ್ಮ ಎದ್ದು ಬರುತ್ತದೆ ಎಂದಿದ್ದೀಯ. ಅಷ್ಟು ಸಾಕು ನನಗೆ. ಇದರ ಜೊತೆ ಒಂದು ಪುಟ್ಟ ಚೀಲ ಇದೆ, ಕುತ್ತಿಗೆಗೆ ಹಾಕಿ ಎರಡೂ ಬಾಲ ಅದರೊಳಗೆ ಇಡು. ಒಳಗೆ ಮೊದಲ ದರ್ಜೆ ಹತ್ತಿ ತುಂಬಿ, ಅದು ಜರುಗದಂತೆ ಗೆರೆ ಗೆರೆಯಾಗಿ ಹೊಲಿಗೆ ಹಾಕಿದ್ದೇನೆ, ಯಾವ ಕ್ಲಿಪ್ಪೂ ಚುಚ್ಚುವುದಿಲ್ಲ. ಹತ್ತಿಯ ಹಿಂದೆ ಕೂಸಿನ ಹಾಸಿಗೆಗೆ ಹಾಕುವ ತೆಳು ರಬ್ಬರ್ ಶೀಟು ಕೊಟ್ಟಿದ್ದೇನೆ. ಏನು ಚೆಲ್ಲಿದರೂ ಮೈಗೆ ಇಳಿಯುವುದಿಲ್ಲ. ಒಗೆದು ಬಿಸಿಲಿಗೆ ಹಾಕು.

ಮೆಣಸಿಗೆ ಹಿಡಿಸಿತಾ ಇಲ್ಲವಾ, ತಪ್ಪದೆ ಬರೆ. ನಾನು ಕೈಲಾಗುವುದು ಇಷ್ಟೇ ಮಾಡುವವಳು.

ನಿನ್ನ ಅಕ್ಕ

ಜೂನ್ 15

ಅಕ್ಕಾ,

ಚೀಲ ಬಂತು. ಮೆಣಸು ಕುತ್ತಿಗೆಗೆ ಹಾಕಿಕೊಂಡವಳು ತೆಗೆಯಲು ಬಿಡುತ್ತಿಲ್ಲ. "ದೊಡ್ಡಮ್ಮ ನಂಗೆ ಮಾತ್ರ ಕಳಿಸಿರೋದು" ಎಂದು ವಾರ್ಡಿನಲ್ಲೆಲ್ಲ ಡಂಗುರ ಸಾರಿದ್ದಾಳೆ. ಲೈನು ಹಾಕಿದ ಮೇಲೆ ಮೊದಲ ಸಲ ಕೈ ಎದೆಗೆ ಹೋಗದೆ ಮಲಗಿದಳು. ನನಗೂ ನಿದ್ದೆ ಬಂತು.

ವಾರ್ಡಿನಲ್ಲಿ ಎಲ್ಲರೂ ಚೀಲ ಮುಟ್ಟಿ ಮುಟ್ಟಿ ನೋಡಿದರು. ಪಕ್ಕದ ಮಂಚದವರು ಬಸ್ ಕಂಡಕ್ಟರ್. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ನರ್ಸುಗಳಿಂದ ಹಿಡಿದು ಡಾಕ್ಟರವರೆಗೆ ಎಲ್ಲರಿಗೂ ಕಂಡಕ್ಟರಮ್ಮ. ಡಾಕ್ಟರು ರೌಂಡಿಗೆ ಬಂದು ಬಾಗಿಲಲ್ಲೇ ನಿಂತರೆ "ಒಳಗೆ ಬನ್ನಿ ಸಾರ್, ಒಳಗೆ ಬನ್ನಿ, ಮಧ್ಯದಲ್ಲಿ ಜಾಗ ಖಾಲಿ ಇದೆ" ಅನ್ನುತ್ತಾರೆ. ಅವರ ಮಗಳಿಗೆ ಎಂಟು ವರ್ಷ. ಮೊಣಕಾಲು ಮುಟ್ಟುವ ಜಡೆ ಇತ್ತಂತೆ, ಕೀಮೋ ಶುರುವಾದ ಮೇಲೆ ಒಂದು ಕೂದಲೂ ಉಳಿದಿಲ್ಲ. ಆದರೂ ಬಂದವರಿಗೆಲ್ಲ ಜಡೆಯ ಕಥೆಯನ್ನೇ ಹೇಳಿ ಹೇಳಿ ಈಗ ಅವಳ ಹೆಸರೇ ಜಡೆ. ಅವಳು ಮೆಣಸಿನ ಚೀಲ ನೋಡಿ ಏನೂ ಕೇಳಲಿಲ್ಲ, ಸುಮ್ಮನೆ ಅದರ ದಾರದ ಎಳೆ ಎಣಿಸುತ್ತಿದ್ದಳು. ಕಂಡಕ್ಟರಮ್ಮ ನನ್ನನ್ನು ಕರೆದು "ನಿಮ್ಮಕ್ಕನ ಕೈಗೆ ಒಂದು ನಮಸ್ಕಾರ ಅಂತ ಬರೀರಿ" ಅಂದರು. ಬರೆದಿದ್ದೇನೆ.

ಸ್ನಾನದ ನೀರು, ಬೆವರು, ವಾಂತಿ ಎಂದು ದಿನಾ ಒಗೆಯಬೇಕಾಗುತ್ತದೆ. ನಾವಿರುವ ಬಾಡಿಗೆ ಕೋಣೆಗೆ ಬಿಸಿಲು ಬರುವುದಿಲ್ಲ, ಫ್ಯಾನಿನ ಕೆಳಗೆ ಒಣಗಿಸುತ್ತೇನೆ. ಬೇಗ ಒಣಗುತ್ತದೆ. ಮುಂದಿನ ವಾರ ಮತ್ತೊಂದು ಸುತ್ತು ಕೀಮೋ. ಆಗ ಬಿಳಿ ರಕ್ತಕಣ ತಳ ಮುಟ್ಟುತ್ತವೆ, ಯಾವ ಸೋಂಕೂ ತಗಲದಂತೆ ನೋಡಿಕೊಳ್ಳಬೇಕು ಎಂದಿದ್ದಾರೆ. ಬಾಗಿಲ ಹಿಡಿಯನ್ನೂ ಒರೆಸಿ ಮುಟ್ಟುತ್ತೇನೆ.

ತಂಗಿ

ಜೂನ್ 23

ತಂಗೀ,

ಈ ಪತ್ರ ಊಟ ಮಾಡಿ ಬರೆದದ್ದು, ಅಕ್ಷರ ದುಂಡಗಿದೆ.

ಆ ಹುಡುಗಿ ದಾರ ಎಣಿಸಿದಳು ಎಂದು ಓದಿದ ಮೇಲೆ ನನಗೆ ಬೇರೆ ಕೆಲಸ ಹಿಡಿಸಲಿಲ್ಲ. ಕೇಳುವ ಮಗುವಿಗೆ ಇಲ್ಲ ಅನ್ನಬಹುದು, ಕೇಳದೆ ಎಣಿಸುವ ಮಗುವಿಗೆ ಏನನ್ನುವುದು? ನಿಮ್ಮ ವಾರ್ಡಿನಲ್ಲಿ ಲೈನು ಹಾಕಿರುವ ಮಕ್ಕಳು ಎಷ್ಟಿದ್ದಾರೆ, ತಿಳಿಸು. ಚೀಲದ ಬಾಯಿ ಬಿಗಿಯಾಯಿತಾ, ದಾರ ಉದ್ದವಾಯಿತಾ? ಮೊದಲ ಸಲ ಹೊಲಿದದ್ದು, ನನಗೇ ಸಮಾಧಾನವಿಲ್ಲ. ಇಲ್ಲಿ ಗಿರಾಕಿಗಳು ಫೋಮ್ ಹಾಸಿಗೆಯ ಅಂಗಡಿಗೆ ಓಡುತ್ತಿದ್ದಾರೆ, ನನಗೂ ಹತ್ತಿಗೂ ಬೇಕಾದಷ್ಟು ಬಿಡುವಿದೆ.

ಅಕ್ಕ

ಜುಲೈ 9

ಅಕ್ಕಾ,

ತಡವಾಯಿತು, ಬೈಯಬೇಡ. ಮೆಣಸಿಗೆ ಸ್ವಲ್ಪ ಜ್ವರ ಬಂದಿತ್ತು. ಕೀಮೋ ಆದ ಮೇಲೆ ಎಲ್ಲ ಮಕ್ಕಳಿಗೂ ಬರುತ್ತದಂತೆ. ಈಗ ಬಿಟ್ಟಿದೆ, ಗಂಜಿ ಕುಡಿಯುತ್ತಿದ್ದಾಳೆ. ಲೈನು ಹಳೆಯದಾಯಿತೆಂದು ಸದ್ಯಕ್ಕೆ ತೆಗೆದಿದ್ದಾರೆ, ಆಮೇಲೆ ಹೊಸದು ಹಾಕುತ್ತಾರೆ.

ಚೀಲ ಸರಿಯಾಗೇ ಇದೆ. ದಾರವೂ ಸರಿ. ತುಂಬ ಇಷ್ಟ ಅವಳಿಗೆ, ಯಾವಾಗಲೂ ಹಾಕಿಕೊಂಡೇ ಇರುತ್ತಾಳೆ. ಆದರೆ ನೀನು ಇನ್ನು ಹೊಲಿಯುವುದು ಬೇಡ ಅಕ್ಕಾ. ಸಣ್ಣ ಹೊಲಿಗೆ, ನಿನ್ನ ಕಣ್ಣಿಗೆ ಆಯಾಸ. ನಿಜವಾಗಿಯೂ ಬೇಡ.

ಹೆಚ್ಚು ಬರೆಯಲು ಆಗುತ್ತಿಲ್ಲ.

ತಂಗಿ

ಜುಲೈ 18

ತಂಗೀ,

ಲೈನು ತೆಗೆದ ಮೇಲೂ ಚೀಲ ಹಾಕಿಕೊಂಡೇ ಇರುತ್ತಾಳೆ ಎಂದು ಓದಿ ನಗು ಬಂತು. ಪಕ್ಕಾ ನಮ್ಮ ವಂಶದವಳು, ಹಿಡಿದದ್ದು ಬಿಡುವುದಿಲ್ಲ.

ಬೇಡ ಅಕ್ಕಾ ಬೇಡ ಎನ್ನುತ್ತೀಯ. ನಮ್ಮ ಮನೆಯಲ್ಲಿ ಬೇಡ ಅಂದವರ ತಟ್ಟೆಗೇ ಅಲ್ಲವಾ ಅಮ್ಮ ಇನ್ನೊಂದು ಸೌಟು ಬಡಿಸುತ್ತಿದ್ದದ್ದು? ನಿನ್ನ ಸಂಕೋಚ ನನಗೆ ಗೊತ್ತಿಲ್ಲವಾ? ಎಷ್ಟು ಮಕ್ಕಳು ಎಂದು ಕೇಳಿದ್ದಕ್ಕೆ ಉತ್ತರವೇ ಇಲ್ಲ. ನನಗೆ ತೊಂದರೆ ಎಂದು ನುಂಗಿಕೊಂಡಿದ್ದೀಯ. ಹಾಗಾಗಿ ನಾನೇ ಅಂದಾಜು ಮಾಡಿ ಒಂದು ಡಜನ್ ಹೊಲಿದು, ಕಂಡಕ್ಟರಮ್ಮನವರ ಹೆಸರಿಗೆ ನೇರ ವಾರ್ಡಿಗೆ ಪಾರ್ಸಲ್ ಹಾಕಿದ್ದೇನೆ. ನಿನಗೆ ಕಳಿಸಿದರೆ ಮತ್ತೆ ಬೇಡ ಅನ್ನುತ್ತೀಯ. ಜಡೆಯದು ಬೇರೆ ಇಟ್ಟಿದ್ದೇನೆ, ಹಸಿರು ಬಟ್ಟೆಯದು. ಅವಳು ಎಣಿಸಲಿ ಎಂದು ಅದರ ದಾರಕ್ಕೆ ಏಳು ಬಣ್ಣ ಹೆಣೆದಿದ್ದೇನೆ.

ಈ ಸಲದ್ದು ಮೊದಲಿನದಕ್ಕಿಂತ ಗಟ್ಟಿ. ಹತ್ತಿಯ ಹಿಂದೆ ಒಂದು, ಮುಂದೆ ಒಂದು, ಎರಡು ಪದರ ರಬ್ಬರ್ ಶೀಟು ಹಾಕಿದ್ದೇನೆ.

ಅಕ್ಕ

ಆಗಸ್ಟ್ 2

ತಂಗೀ,

ನೀನು ಮೂಗಿ, ನಾನು ಕಿವುಡಿ, ಒಳ್ಳೆಯ ಜೋಡಿ. ಪತ್ರ ಹಾಕಿ ಎಷ್ಟು ದಿನವಾಯಿತು, ಒಂದು ಸಾಲು ಬರಲಿಲ್ಲ. ಹೇಳದೆ ಪಾರ್ಸಲ್ ಹಾಕಿದೆ ಎಂದು ಸಿಟ್ಟಾ?

ನೀನು ಬರೆಯದಿದ್ದರೆ ಬರೆಯುವವರು ಇದ್ದಾರೆ. ಪಾರ್ಸಲ್ ಮೇಲಿನ ವಿಳಾಸ ನೋಡಿ ಕಂಡಕ್ಟರಮ್ಮನವರೇ ನನಗೆ ಬರೆದಿದ್ದಾರೆ. ನೀನು ಮೆಣಸನ್ನು ಅಜ್ಜಿಗೆ ತೋರಿಸಲು ನಿನ್ನ ಅತ್ತೆ ಮನೆಗೆ ಹೋಗಿದ್ದೀಯ ಎಂದು ಅವರಿಂದ ತಿಳಿಯಿತು. ಅವರ ಮಾತು ಇದ್ದ ಹಾಗೇ ಇಳಿಸುತ್ತೇನೆ:

"ಅಕ್ಕೋರೇ, ಪಾರ್ಸಲ್ ಬಿಚ್ಚಿದ್ದೇ ತಡ ವಾರ್ಡಲ್ಲಿ ಸಂತೆ ಆಗೋಯ್ತು. ಎಲ್ಲ ಮಕ್ಕಳಿಗೂ ಹಾಕಿದೀವಿ. ನನ್ನ ಮಗಳಂತೂ ಅದನ್ನ ಟಿಕೆಟ್ ಚೀಲ ಮಾಡ್ಕೊಂಡು, ಡ್ರಿಪ್ ಸ್ಟ್ಯಾಂಡ್ ತಳ್ಕೊಂಡು, ಮಂಚ ಮಂಚಕ್ಕೂ ಹೋಗಿ ಟಿಕೆಟ್ ಟಿಕೆಟ್ ಅಂತಾಳೆ. ಡಾಕ್ಟರಿಗೂ ಹರಿದು ಕೊಟ್ಟಳು. ನಾನು ಅವಳ ನಗು ನೋಡಿ ಎಷ್ಟೋ ದಿನ ಆಗಿತ್ತು. ನಿಮ್ಮ ಋಣ ತೀರಿಸೋಕೆ ಆಗಲ್ಲ. ನಮ್ಮ ರೂಟಿಗೆ ಬಂದ್ರೆ ನಿಮಗೆ ಜನ್ಮಪೂರ್ತಿ ಟಿಕೆಟ್ ಇಲ್ಲ."

ಈ ಕಾಗದವನ್ನು ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ನಲವತ್ತು ವರ್ಷ ಹಾಸಿಗೆ ಹೊಲಿದೆ, ಮಲಗಿ ಎದ್ದವರು ಯಾರೂ ನನಗೆ ಪತ್ರ ಬರೆದಿರಲಿಲ್ಲ. ಇನ್ನೂ ಒಂದು ಡಜನ್‌ಗೆ ಬಟ್ಟೆ ಕತ್ತರಿಸಿಟ್ಟಿದ್ದೇನೆ.

ಅಕ್ಕ

ಆಗಸ್ಟ್ 11

ಅಕ್ಕಾ,

ಕತ್ತರಿಸಿಟ್ಟ ಬಟ್ಟೆ ಹೊಲಿಯಬೇಡ. ಮೊದಲು ಇದನ್ನು ಓದಿಬಿಡು. ಇನ್ನೊಂದು ಪಾರ್ಸಲ್ ಹೊರಟಿದ್ದರೆ ಹೇಗಾದರೂ ನಿಲ್ಲಿಸು.

ಮೊನ್ನೆ ಊರಿಂದ ಬಂದು ಕೋಣೆಯ ಬಾಗಿಲು ತೆಗೆದಾಗ ನಿನ್ನ ಎರಡು ಪತ್ರ ನೆಲದ ಮೇಲೆ ಬಿದ್ದಿದ್ದವು. ಊರಿನ ಬ್ಯಾಗು ಹೆಗಲಲ್ಲಿ ಇರುವಾಗಲೇ ಮೊದಲನೆಯದನ್ನು ಒಡೆದೆ. ಒಂದು ಡಜನ್ ಎನ್ನುವ ಸಾಲನ್ನು ಎರಡು ಸಲ ಓದಿದೆ. ಎರಡು ಪದರ ಎನ್ನುವಲ್ಲಿ ನಿಂತ ಕಡೆಯೇ ಕೂತೆ. ಎರಡನೆಯದನ್ನು ಆಗ ಪೂರ್ತಿ ಓದಲಿಲ್ಲ. ಮೆಣಸನ್ನು ಇವರ ಕೈಗೆ ಕೊಟ್ಟು, ಚಪ್ಪಲಿ ಹಾಕಿದ್ದೇನೋ ಇಲ್ಲವೋ ಅದೂ ಗೊತ್ತಿಲ್ಲದೆ ಆಸ್ಪತ್ರೆಗೆ ಓಡಿದೆ.

ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದೆ ಅಕ್ಕಾ. ಕೆಂಪು, ನೀಲಿ, ಹಳದಿ. ಯಾವ ಮಗುವಿನ ಕುತ್ತಿಗೆ ನೋಡಿದರೂ ನಿನ್ನ ಚೀಲ. ಒಂದು ಮಗು ನನ್ನನ್ನು ನೋಡಿ ಎತ್ತಿ ತೋರಿಸಿತು. ನಾನು ಮಾತಾಡದೆ ಅದರ ಕುತ್ತಿಗೆಯಿಂದ ಕಿತ್ತೆ. ಅದು ಅತ್ತಿತು, ಅದರ ಅಪ್ಪ "ಏನ್ರೀ ಮಾಡ್ತಿದೀರಾ, ಮಗು ಕೈಲಿರೋದನ್ನ ಕಿತ್ಕೋತೀರಾ" ಎಂದು ಎದ್ದು ಬಂದರು. ಒಂದೊಂದೇ ಮಂಚಕ್ಕೆ ಹೋಗಿ ಎಲ್ಲವನ್ನೂ ಕಿತ್ತೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡರು. ಜಡೆಯ ಮಂಚ ಖಾಲಿ ಇತ್ತು, ಹಾಸಿಗೆ ಮಡಿಚಿಟ್ಟಿದ್ದರು, ಹಸಿರು ಚೀಲ ಸರಳಿಗೆ ನೇತಾಡುತ್ತಿತ್ತು, ಅದನ್ನೂ ತೆಗೆದುಕೊಂಡೆ.

ಅವಳು ಹಿಂದಿನ ದಿನವೇ ಐಸಿಯುಗೆ ಹೋಗಿದ್ದಾಳೆ. ಲೈನಿಗೆ ಔಷಧಿ ಬಿಟ್ಟ ಸ್ವಲ್ಪ ಹೊತ್ತಿಗೆ ಚಳಿ ಶುರುವಾಯಿತಂತೆ. ಮಂಚ ಅಲುಗುವಷ್ಟು ನಡುಕ, ತುಟಿ ನೀಲಿ, ಕೈ ಮಂಜುಗಡ್ಡೆ. ನರ್ಸು ವಿವರಿಸುವುದಕ್ಕೆ ಮೊದಲೇ ಮುಂದಿನದನ್ನು ನಾನೇ ಹೇಳಿದೆ. ಯಾಕೆಂದರೆ ಅದನ್ನೆಲ್ಲ ನಾನು ಒಂದು ಸಲ ನೋಡಿದ್ದೆ.

ಮೆಣಸಿಗೆ ಸ್ವಲ್ಪ ಜ್ವರ ಎಂದು ನಿನಗೆ ಬರೆದೆನಲ್ಲ, ಅದು ಸುಳ್ಳು. ಜೂನ್ ಕೊನೆಯಲ್ಲಿ ಅವಳೂ ಹೀಗೇ ನಡುಗಿ ಐಸಿಯುನಲ್ಲಿ ಬಿದ್ದಿದ್ದಳು. ರಕ್ತದೊತ್ತಡ ಇಳಿಯುತ್ತಾ ಹೋಗಿ, ಡಾಕ್ಟರು ನಮ್ಮಿಬ್ಬರನ್ನೂ ಹೊರಗೆ ಕೂರಿಸಿ "ನಾವು ಮಾಡೋದೆಲ್ಲ ಮಾಡ್ತಿದೀವಿ" ಅಂದರು. ಆ ಮಾತಿನ ಅರ್ಥ ಎಲ್ಲ ತಾಯಂದಿರಿಗೂ ಗೊತ್ತು. ರಕ್ತದ ಕಲ್ಚರ್ ಪರೀಕ್ಷೆಯಲ್ಲಿ ಒದ್ದೆ ಜಾಗದಲ್ಲಿ ಬೆಳೆಯುವ ಒಂದು ಕ್ರಿಮಿ ಸಿಕ್ಕಿತು. ನಮ್ಮ ನಿಮ್ಮ ಮೈಗೆ ಅದು ಏನೂ ಮಾಡುವುದಿಲ್ಲವಂತೆ. ಬಿಳಿ ರಕ್ತಕಣವೇ ಇಲ್ಲದ ಮಗುವಿನ ರಕ್ತಕ್ಕೆ ನೇರ ಹೋದರೆ ತಡೆಯುವವರೇ ಇಲ್ಲ. ಲೈನು ಕಿತ್ತು, ಔಷಧಿ ಬದಲಿಸಿ, ಹೇಗೋ ಉಳಿಸಿಕೊಟ್ಟರು.

ಸೋಂಕು ಎಲ್ಲಿಂದ ಬಂತು ಎಂದು ಹುಡುಕುವುದೇ ಕೆಲಸವಾದ ಒಬ್ಬ ದೊಡ್ಡ ಸಿಸ್ಟರ್ ಇದ್ದಾರೆ. ಲೈನಿನ ತುದಿಗೆ ಒದ್ದೆ ಏನಾದರೂ ತಾಗುತ್ತಾ ಎಂದು ಕೇಳಿದರು. ಇಲ್ಲ ಅಂದೆ. ಅವರ ಕಣ್ಣು ಚೀಲದ ಮೇಲೆ ಹೋಯಿತು. ಹೊರಗೆ ಒಣಗಿ ಗರಿಗರಿ ಇತ್ತು. ಕತ್ತರಿ ತಂದು ಹೊಲಿಗೆ ಬಿಚ್ಚಿ ಒಳಗಿನ ಹತ್ತಿ ಹಿಂಡಿದರು. ನೀರು ಬಂತು ಅಕ್ಕಾ. ನೆಲ ಒರೆಸಿ ಮೂಲೆಗೆ ಎಸೆದ ಬಟ್ಟೆಯ ವಾಸನೆ. ರಬ್ಬರ್ ಶೀಟು ಇದ್ದದ್ದರಿಂದ ಚೀಲದ ಬಾಯಿಯಿಂದ ಒಳಗೆ ಹೋದ ನೀರು ಹೊರಗೆ ಬಂದೇ ಇರಲಿಲ್ಲ. ಅದನ್ನೂ ಪರೀಕ್ಷೆಗೆ ಕಳಿಸಿದರು. ಮಗುವಿನ ರಕ್ತದಲ್ಲಿದ್ದ ಕ್ರಿಮಿಯೇ ಹತ್ತಿಯಲ್ಲೂ ಇತ್ತು.

"ಯಾರು ಹೊಲಿದಿದ್ದು" ಎಂದು ಕೇಳಿದಾಗ ನಾನೇ ಅಂದೆ. ನಿನ್ನ ಹೆಸರು ಯಾಕೆ ಎಳೆಯಲಿ ಎಂದು. "ಇನ್ಯಾರ ಹತ್ರಾದ್ರೂ ಇದೆಯಾ" ಅಂದರು. ಇದೊಂದೇ ಅಂದೆ, ಆಗ ಅದು ನಿಜವಾಗಿತ್ತು. ಅವರು ನನ್ನ ಕೈ ಹಿಡಿದು "ನಿಮ್ಮ ತಪ್ಪಲ್ಲ, ಮುದ್ದಿಗೆ ಮಾಡಿದ್ದು. ಆದ್ರೆ ವಾರ್ಡಲ್ಲಿ ಎಲ್ಲ ತಾಯಂದಿರಿಗೂ ನೀವೇ ಹೇಳಿ. ನಮ್ಮ ಮಾತಿಗಿಂತ ನಿಮ್ಮ ಮಾತು ಬೇಗ ಮುಟ್ಟುತ್ತೆ" ಅಂದರು. ಆಗಲಿ ಅಂದೆ. ಹೇಳಲಿಲ್ಲ. ಎಲ್ಲರೂ ಮುಟ್ಟಿ ನೋಡಿ ಹೊಗಳಿದ ಚೀಲ, ಅದರಲ್ಲಿ ವಿಷ ಇತ್ತು ಎಂದು ಹೇಗೆ ಹೇಳಲಿ ಎಂದುಕೊಂಡೆ. ಹೇಗೂ ಒಂದೇ ಇದ್ದದ್ದು, ಅದೂ ಹೋಯಿತು, ಯಾರಿಗೂ ತೊಂದರೆಯಿಲ್ಲ ಎಂದುಕೊಂಡೆ. ನಿನಗೂ ಬರೆಯಲಿಲ್ಲ. ತಿಳಿದರೆ ನೀನು ಮತ್ತೆ ಸೂಜಿ ಹಿಡಿಯುವುದಿಲ್ಲ ಎಂದು ಗೊತ್ತಿತ್ತು. ಸೆರಗಿನಲ್ಲಿ ಕೆಂಡ ಕಟ್ಟಿಕೊಂಡು ಅತ್ತೆ ಮನೆಗೆ ಹೋದೆ.

ದೊಡ್ಡ ಸಿಸ್ಟರ್ ಮಗಳ ಹೆರಿಗೆಗೆಂದು ರಜೆಯಲ್ಲಿದ್ದರು, ಚೀಲದ ವರದಿ ಅವರ ಕಡತದಲ್ಲೇ ಇತ್ತು. ನಿನ್ನ ಪಾರ್ಸಲ್ ಬಂದಾಗ ವಾರ್ಡಿನಲ್ಲಿ ಆ ವಿಷಯ ಗೊತ್ತಿದ್ದವರು ಯಾರೂ ಇರಲಿಲ್ಲ. ಮಕ್ಕಳು ನಗುತ್ತಿದ್ದಾರೆ ಎಂದು ನರ್ಸುಗಳೂ ಖುಷಿಪಟ್ಟರಂತೆ.

ಕಿತ್ತ ಚೀಲಗಳನ್ನೆಲ್ಲ ತೆಗೆದುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಹಾಕಿ ಹೇಳಿದೆ. ಈ ಸಲ ನೀನು ಹೊಲಿದದ್ದು ಎಂದೂ ಹೇಳಿದೆ, ನನಗೆ ಜೂನ್‌ನಲ್ಲೇ ಗೊತ್ತಿತ್ತು ಎಂದೂ ಹೇಳಿದೆ. ಅವರು ಬೈಯಲಿಲ್ಲ, ಎದ್ದು ವಾರ್ಡಿಗೆ ಓಡಿದರು. ಎಲ್ಲ ಮಕ್ಕಳ ರಕ್ತ ಪರೀಕ್ಷೆಗೆ ಹೋಗಿದೆ. ಇನ್ನೊಂದು ಕೂಸಿಗೆ ಜ್ವರ ಕಾಣಿಸಿತ್ತು, ಲೈನು ತೆಗೆದಿದ್ದಾರೆ, ಈಗ ಇಳಿಯುತ್ತಿದೆ. ಜಡೆ ಕಣ್ಣು ಬಿಟ್ಟಿಲ್ಲ.

ಐಸಿಯು ಹೊರಗಿನ ಬೆಂಚಿನಲ್ಲಿ ಕಂಡಕ್ಟರಮ್ಮನ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಯಾರಿಗೆ ಎಂದು ಕೇಳಿದರು. ಅಕ್ಕನಿಗೆ ಅಂದೆ. "ಕೇಳಿದೆ ಅಂತ ಬರೀರಿ" ಅಂದರು.

ತಂಗಿ

ಆಗಸ್ಟ್ 16

ಅಕ್ಕಾ,

ಜಡೆ ಹೋದಳು. ಮೊನ್ನೆ ಬೆಳಿಗ್ಗೆ.

ಕಂಡಕ್ಟರಮ್ಮ ಅಳಲಿಲ್ಲ. "ಇಷ್ಟು ಬೇಗ ಸ್ಟಾಪ್ ಬಂತಾ" ಎಂದು ಒಂದು ಸಲ ಅಂದರು, ಅಷ್ಟೆ. ನಾನು ಅವರ ಹತ್ತಿರ ಹೋಗಲು ಹೆದರಿ ಕಂಬದ ಹಿಂದೆ ನಿಂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇಲ್ಲಿ ಯಾರೂ ಏನೂ ಅನ್ನದೆಯೇ ನಾನು ಹೆಗಲು ಮುಟ್ಟಿಕೊಳ್ಳುತ್ತಿದ್ದೇನೆ.

ರಕ್ತಕ್ಕೆ ಸೋಂಕು ಏರಿತು ಎಂದಷ್ಟೇ ಅವರಿಗೆ ಹೇಳಿದ್ದಾರೆ. ಚೀಲದ ಪರೀಕ್ಷೆಯ ವರದಿ ಬಂದ ಮೇಲೆ ಕರೆಸಿ ಎಲ್ಲ ಹೇಳುತ್ತೇವೆ ಎಂದು ಡಾಕ್ಟರು ನನಗೆ ತಿಳಿಸಿದರು. ಯಾರು ಹೊಲಿದರು, ಯಾರಿಗೆ ಮೊದಲೇ ಗೊತ್ತಿತ್ತು ಅನ್ನುವುದನ್ನು ಅವರು ಹೇಳುವುದಿಲ್ಲವಂತೆ. "ಅದು ನಿಮಗೆ ಬಿಟ್ಟದ್ದು" ಅಂದರು. ಹಾಗೆ ಬಿಟ್ಟದ್ದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು.

ಇವತ್ತು ಕಂಡಕ್ಟರಮ್ಮ ವಾರ್ಡಿಗೆ ಬಂದು ಉಳಿದ ಸಾಮಾನು ತೆಗೆದುಕೊಂಡು ಹೋದರು. ಹೋಗುವಾಗ ನನ್ನ ಎರಡೂ ಕೈ ಹಿಡಿದುಕೊಂಡರು. ಅವಳ ಹಸಿರು ಚೀಲ ಎಲ್ಲಿ ಹುಡುಕಿದರೂ ಸಿಗಲಿಲ್ಲವಂತೆ. "ನಿಮ್ಮಕ್ಕಂಗೆ ಬರೀರಿ. ಅದೇ ಬಟ್ಟೆದು ಇನ್ನೊಂದು ಹೊಲಿದುಕೊಡೋಕೆ ಹೇಳಿ. ಇಟ್ಕೋತೀನಿ" ಅಂದರು. ಅದು ಪರೀಕ್ಷೆಗೆ ಹೋಗಿದೆ ಅನ್ನುವುದು ನಾಲಿಗೆಯ ತುದಿಗೆ ಬಂತು. ಆಗಲಿ ಅಂದುಬಿಟ್ಟೆ.

ಈಗ ನಾನೇನು ಮಾಡಲಿ? ನೀನು ಹೊಲಿದು ಕಳಿಸಿದರೆ, ಅವರು ಇಟ್ಟುಕೊಂಡರೆ, ವರದಿಯಲ್ಲಿ ಯಾವುದೋ ಬಟ್ಟೆ ಎಂದು ಬಂದರೆ, ಎಲ್ಲ ಅಲ್ಲಿಗೆ ಮುಗಿಯುತ್ತದಾ? ಇಷ್ಟು ಬರೆಯುವಾಗಲೇ ನನ್ನ ಬಗ್ಗೆ ನನಗೆ ಹೇಸಿಗೆ ಆಗುತ್ತಿದೆ. ಆದರೂ ಬರೆದೆ, ನಿನಗೆ ಇನ್ನು ಏನನ್ನೂ ಮುಚ್ಚಿಡಬಾರದು ಎಂದು.

ಏನಾದರೂ ಬರೆ. ಬೈದಾದರೂ ಬರೆ.

ತಂಗಿ

ಆಗಸ್ಟ್ 24

ತಂಗೀ,

ಮೊದಲ ಪತ್ರ ಓದಿದಾಗ ಯಂತ್ರ ಓಡುತ್ತಿತ್ತು. ಎಷ್ಟು ಹೊತ್ತು ಓಡಿತೋ ಗೊತ್ತಿಲ್ಲ. ಪಕ್ಕದ ಅಂಗಡಿಯವನು ಬಂದು ಭುಜ ಅಲುಗಿಸಿ ನಿಲ್ಲಿಸಿದ, ಹತ್ತಿಯೆಲ್ಲ ನುಚ್ಚಾಗಿ ಹೋಗಿತ್ತು. ಎರಡನೆಯದನ್ನು ಓದಿ ಏನು ಮಾಡಿದೆ ಎಂದು ನೆನಪಿಲ್ಲ.

ನಂಬಲಾಗದೆ ಒಂದು ಕೆಲಸ ಮಾಡಿದೆ. ಹೊಲಿಗೆ ಸೊಟ್ಟಗಾಯಿತು ಎಂದು ಕಳಿಸದೆ ಇಟ್ಟ ಒಂದು ಚೀಲ ಇಲ್ಲಿತ್ತು. ಒಗೆದು ಬಿಸಿಲಿಗೆ ಹಾಕಿದೆ, ನಿನ್ನ ಫ್ಯಾನಿನ ಗಾಳಿಗಲ್ಲ, ಅಂಗಳದ ಸುಡುಬಿಸಿಲಿಗೆ. ಮೂರು ದಿನ ಬಿಟ್ಟು ಬಿಚ್ಚಿದೆ. ಒಳಗೆ ಒದ್ದೆ. ಹತ್ತಿಗೆ ಗಾಳಿಯಾಡದಿದ್ದರೆ ಕೊಳೆಯುತ್ತದೆ ಅನ್ನುವುದು ನಮ್ಮ ಕಸುಬಿನಲ್ಲಿ ಅ ಆ ಇ ಈ. ಕೂಸಿನ ಹಾಸಿಗೆಗೆ ಶೀಟನ್ನು ಮೇಲೆ ಹಾಸುತ್ತಾರೆಯೇ ಹೊರತು ಯಾರೂ ಒಳಗಿಟ್ಟು ಹೊಲಿಯುವುದಿಲ್ಲ. ನಾನು ಹೊಲಿದೆ. ನೀನು ಹೊಗಳಿದ ಮೇಲೆ ಎರಡು ಪದರ ಹೊಲಿದೆ. ಅದು ನನ್ನ ಪಾಲಿನದು, ಅದನ್ನು ನಿನ್ನ ತಲೆಗೆ ಕಟ್ಟುವುದಿಲ್ಲ.

ಆದರೆ ಉಳಿದದ್ದು ನಿನ್ನದು. ನಿನ್ನ ಒಂದು ಸಾಲು ಸಾಕಿತ್ತು. ಚೀಲದಿಂದ ಸೋಂಕಾಯಿತು ಅಕ್ಕಾ, ಇನ್ನು ಹೊಲಿಯಬೇಡ ಎಂದು. ಅತ್ತುಕೊಂಡು ಸುಮ್ಮನಾಗುತ್ತಿದ್ದೆ, ಸೂಜಿ ಮುರಿದು ಎಸೆಯುತ್ತಿದ್ದೆ, ಏನೋ ಒಂದು. ನನ್ನ ಕಣ್ಣಿನ ಆಯಾಸದ ಕಥೆ ಬರೆದೆ ನೀನು. ನನ್ನ ಮನಸ್ಸು ನೋಯಬಾರದು ಎಂದು ಒಂದು ಮಗುವನ್ನು ಕೊಟ್ಟುಬಿಟ್ಟೆಯಲ್ಲೇ. ನನ್ನ ಮನಸ್ಸಿಗೆ ಅಷ್ಟು ಬೆಲೆ ಯಾರು ಕಟ್ಟಿದರು?

ನಿನಗೆ ನೆನಪಿದೆಯೋ ಇಲ್ಲವೋ. ನನ್ನ ಕಿವಿ ಕೇಳಿಸದಾದ ಮೊದಲಿಗೆ ಪೇಟೆಯ ಕಿವಿ ಡಾಕ್ಟರ ಹತ್ತಿರ ಹೋಗಿದ್ದೆವು. ಅವರು ಬಹಳ ಹೊತ್ತು ಮಾತಾಡಿದರು. ಏನಂದರು ಎಂದು ಕೇಳಿದರೆ ನೀನು ಚೀಟಿಯಲ್ಲಿ, ನಿಧಾನಕ್ಕೆ ಸರಿಯಾಗುತ್ತಂತೆ, ಎಂದು ಬರೆದು ತೋರಿಸಿದೆ. ಅಷ್ಟು ಉದ್ದದ ಮಾತಿಗೆ ಇಷ್ಟು ಚಿಕ್ಕ ಚೀಟಿ. ಎರಡು ವರ್ಷ ಎಣ್ಣೆ ಬಿಟ್ಟುಕೊಂಡು ಕಾದೆ. ಆಮೇಲೆ ಗೊತ್ತಾಯಿತು, ಕೇಳಲಿಲ್ಲ. ಹೋಗಲಿ, ನನ್ನ ಕಿವಿ ತಾನೇ ಎಂದು ಹೊಟ್ಟೆಗೆ ಹಾಕಿಕೊಂಡೆ. ಇದನ್ನು ಹಾಕಿಕೊಳ್ಳಲು ನನ್ನ ಹೊಟ್ಟೆ ಸಾಲದು.

ಹಸಿರು ಬಟ್ಟೆ ಇನ್ನೂ ಒಂದು ಗೇಣು ಉಳಿದಿದೆ. ಕೈಯಲ್ಲಿ ಹಿಡಿದು ಕೂತಿದ್ದೆ. ಹೊಲಿಯುವುದಿಲ್ಲ. ಕಂಡಕ್ಟರಮ್ಮನವರಿಗೆ ಒಂದು ಪತ್ರ ಬರೆದೆ, ಹರಿದೆ. ಮತ್ತೆ ಬರೆದೆ, ಅದನ್ನೂ ಹರಿದೆ. ಪತ್ರದಲ್ಲಿ ಹೇಳಿ ತಪ್ಪಿಸಿಕೊಳ್ಳುವುದು ಸುಲಭ, ಓದಿದವರು ಕಾಗದಕ್ಕೆ ಉಗಿಯಬೇಕು ಅಷ್ಟೆ. ಅವರಿಗೆ ನನ್ನ ಮುಖ ಸಿಗಬೇಕು.

ಈ ಪತ್ರ ನಿನ್ನ ಕೈ ಸೇರಲಿ ಎಂದು ತಡೆದು, ಒಂದನೇ ತಾರೀಖಿನ ಬೆಳಗಿನ ಬಸ್ಸಿಗೆ ಹೊರಟು ಬರುತ್ತಿದ್ದೇನೆ. ಯಾರಿಗೂ ಮೊದಲೇ ಏನೂ ಹೇಳಬೇಡ, ಡಾಕ್ಟರು ಕರೆಸುವುದಕ್ಕೂ ಕಾಯುವುದು ಬೇಡ. ನನ್ನನ್ನು ನೇರ ಅವರ ಮನೆಗೆ ಕರೆದುಕೊಂಡು ಹೋಗು. ಹೊಲಿದವಳು ನಾನು ಎಂದು ನಾನು ಹೇಳುತ್ತೇನೆ. ಗೊತ್ತಿದ್ದೂ ಸುಮ್ಮನಿದ್ದವಳು ನಾನು ಎಂದು ನೀನು ಹೇಳಬೇಕು, ನಿನ್ನ ಬಾಯಿಂದಲೇ.

ಆಮೇಲೆ ಅವರು ಮಾತಾಡುತ್ತಾರೆ, ನನಗೆ ಕೇಳಿಸುವುದಿಲ್ಲ. ನೀನು ನನ್ನ ಪಕ್ಕ ಕೂತು ಬರೆದು ತೋರಿಸು. ದೊಡ್ಡ ಕಾಗದ ತಾ. ಬೈದರೆ ಬೈಗುಳವನ್ನೇ ಬರೆ, ಶಾಪ ಹಾಕಿದರೆ ಶಾಪವನ್ನೇ ಬರೆ, ಮಗಳನ್ನು ಕರೆದರೆ ಅದನ್ನೂ ಬರೆ. ಒಂದಕ್ಷರ ಮೆತ್ತಗೆ ಮಾಡಬೇಡ, ಒಂದಕ್ಷರ ಬಿಡಬೇಡ.

ಅತ್ತರೆ ಮಾತ್ರ ಬರೆಯಬೇಡ. ಅದು ನನಗೆ ಕಾಣಿಸುತ್ತದೆ.

ಅಕ್ಕ